ಆ ಹಲ್ಲು ಕ್ಲೀನ್ ಮಾಡೋ ಮಿಷನ್ ತರಿಸಬೇಡಿ

ಮೊನ್ನೆ ಸಾಗರದಿಂದ ಭಾವ ಫೋನ್ ಮಾಡಿದ್ದರು. ಮಗಳ ಮದುವೆ ಆಲ್ಬಂ ಬಂದಿದೆಯಂತೆ. ಅದರಲ್ಲಿ ನನ್ನ ಹಲ್ಲು ನೋಡಿ, "ಅದೆಂತದೋ ಮಿಷನ್ ತರಿಸಿದ್ದೀಯಂತಲ್ಲ ಮಾರಾಯ, ಒಂದು ವಾರ ಕೊಡು" ಅಂದರು. ಕೊಡಲ್ಲ ಅಂದೆ. ಬೇಜಾರು ಮಾಡಿಕೊಂಡರು. ಪೂರ್ತಿ ಹೇಳೋಣ ಅಂದರೆ ಅಷ್ಟರಲ್ಲಿ ನೆಟ್‌ವರ್ಕ್ ಹೋಯ್ತು. ಹಾಗಾಗಿ ಇಲ್ಲೇ ಬರೀತಿದ್ದೇನೆ, ಬೇರೆಯವರಿಗೂ ಆಗುತ್ತೆ.

ನಮ್ಮದು ತೀರ್ಥಹಳ್ಳಿ ಕಡೆ, ಅಡಿಕೆ ತೋಟ. ಕೊಯ್ಲಿನ ಟೈಮಲ್ಲಿ ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುವಾಗ ಬಾಯಲ್ಲಿ ಕವಳ (ಎಲೆ ಅಡಿಕೆ) ಇಲ್ಲದಿದ್ದರೆ ನಿದ್ದೆ ಬರುತ್ತೆ. ಇಪ್ಪತ್ತು ವರ್ಷ ಹೀಗೇ ಅಗಿದು ಅಗಿದು ನನ್ನ ಹಲ್ಲಿಗೆ ಚೊಗರಲ್ಲಿ, ಅಂದರೆ ಅಡಿಕೆ ಬೇಯಿಸಿದ ಕೆಂಪು ರಸದಲ್ಲಿ, ಅದ್ದಿ ತೆಗೆದ ಅಡಿಕೆ ಬಣ್ಣ ಬಂದಿತ್ತು. ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ನಾಲಿಗೆ ಆಡಿಸಿದರೆ ಯಾರೋ ಗಾರೆ ಮೆತ್ತಿಟ್ಟ ಹಾಗೆ ಒರಟು. ಮದುವೆಗೆ ಇನ್ನು ಹದಿನೈದು ದಿನ. ಕ್ಲೀನ್ ಮಾಡಿಸೋಕೆ ಶಿವಮೊಗ್ಗಕ್ಕೆ ಯಾರು ಹೋಗ್ತಾರೆ, ಒಂದು ದಿನ ಹಾಳು ಅಂತ ಮೊಬೈಲಲ್ಲಿ ಕಂಡ ಮಿಷನ್ ತರಿಸಿದೆ. 1,150 ರೂಪಾಯಿ. ಪೆನ್ನಿನ ಹಾಗಿದೆ, ತುದಿಗೆ ಕೊಕ್ಕೆಯಂಥ ಸ್ಟೀಲ್ ಮೊನೆ, ಪಕ್ಕದಲ್ಲಿ ಸಣ್ಣ ಲೈಟು, ಐದು ಸ್ಪೀಡು. ಡಬ್ಬದ ಮೇಲೆ ದೊಡ್ಡದಾಗಿ 'ಅಲ್ಟ್ರಾಸಾನಿಕ್' ಅಂತಿತ್ತು.

ಮೊದಲ ದಿನ ಬಚ್ಚಲುಮನೆ ಕನ್ನಡಿ ಮುಂದೆ ನಿಂತು ಹಚ್ಚಿದೆ. ದೂರದಲ್ಲಿ ಜೀರುಂಡೆ ಕೂಗಿದಂಥ ಸದ್ದು. ಕಂದು ಬಣ್ಣದ ಚೂರುಗಳು ಒಂದೊಂದೇ ಉದುರಿದವು. ಸುಳ್ಳು ಯಾಕೆ ಹೇಳಲಿ, ಭಾರೀ ಖುಷಿಯಾಯ್ತು. ಹಳೆ ತಾಮ್ರದ ಹಂಡೆಗೆ ಹುಣಸೆಹುಳಿ ಹಚ್ಚಿ ತಿಕ್ಕಿದಾಗ ಒಂದು ಕಡೆ ಹೊಳಪು ಕಂಡರೆ ಪೂರ್ತಿ ತಿಕ್ಕೋವರೆಗೂ ಕೈ ನಿಲ್ಲಲ್ಲ, ಅಲ್ವಾ? ಹಾಗೆ. ವಸಡಲ್ಲಿ ರಕ್ತ ಬಂತು. ಕೆಟ್ಟ ರಕ್ತ ಹೋಗ್ತಿದೆ ಅಂದುಕೊಂಡೆ. ಎರಡನೇ ವಾರ ಸ್ಪೀಡು ಐದಕ್ಕೆ ಇಟ್ಟು ಬಲಗಡೆ ದವಡೆ ಹಲ್ಲಿನ ಸಂದಿಗೆ ಮೊನೆ ಒತ್ತಿ ಹಿಡಿದೆ. ಟಕ್ ಅಂತ ಅಕ್ಕಿಕಾಳಿನಷ್ಟು ಚೂರು ಬಂತು. ಅಂಗೈ ಮೇಲೆ ಇಟ್ಟುಕೊಂಡು ಹೆಂಡತಿಗೆ ತೋರಿಸಿದೆ, "ನೋಡೇ, ಎಷ್ಟು ದೊಡ್ಡ ಪಾಚಿ."

ಅವಳು ಬೆಳಕಿಗೆ ಹಿಡಿದು ನೋಡಿ, "ಪಾಚಿ ಇಷ್ಟು ಬೆಳ್ಳಗಿರುತ್ತೇನ್ರೀ?" ಅಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮದುವೆ ಊಟದಲ್ಲಿ ಕೊನೆಗೆ ಮಜ್ಜಿಗೆ ಕುಡಿದೆ. ತಣ್ಣಗಿತ್ತು. ಬಲಗಡೆಯಿಂದ ಕಣ್ಣಿನ ಹಿಂದಿನವರೆಗೆ ಚುಳ್ ಅಂತ ಎಳೆಯಿತು, ಕೈಯಲ್ಲಿದ್ದ ಲೋಟ ಎಲೆ ಮೇಲೆ ಬಿತ್ತು. ಪಕ್ಕದವರು ಖಾರ ಜಾಸ್ತಿಯಾಯ್ತಾ ಅಂದರು. ಹೌದು ಅಂದೆ. ಫೋಟೋದಲ್ಲಿ ಮಾತ್ರ ಹಲ್ಲು ಚೆನ್ನಾಗಿ ಬಂದಿದೆ, ಭಾವ ಹೇಳಿದ್ದು ನಿಜ.

ಮೂರು ವಾರ ತಡೆದುಕೊಂಡೆ. ಆಮೇಲೆ ಮಂಡಗದ್ದೆ, ಸಕ್ರೆಬೈಲು ದಾಟಿ ಕೆನ್ನೆ ಹಿಡಿದುಕೊಂಡೇ ಶಿವಮೊಗ್ಗ ಬಸ್ಸಲ್ಲಿ ಹೋದೆ. ಕಿಟಕಿಯ ಗಾಳಿ ಬಾಯಿಗೆ ತಾಗಿದರೂ ಜುಂ ಅನ್ನುತ್ತಿತ್ತು. ಮಿಷನ್ನೂ ಚೀಲದಲ್ಲಿ ಹಾಕಿಕೊಂಡಿದ್ದೆ. ಹಲ್ಲಿನ ಡಾಕ್ಟರ್ ಅದನ್ನು ತಿರುಗಿಸಿ ನೋಡಿದರು. ಬೈತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ತಮ್ಮ ಮಿಷನ್ ಕೈಗೆತ್ತಿಕೊಂಡು ಪೆಡಲ್ ಒತ್ತಿದರು. ಮೊನೆಯ ಸುತ್ತ ಸಣ್ಣಗೆ ನೀರು ಚಿಮ್ಮಿತು, ನಮ್ಮ ಕಡೆ ಮಂಜಿನ ಹನಿ ಬಿದ್ದ ಹಾಗೆ. "ನಿಮ್ಮದರಲ್ಲಿ ನೀರು ಎಲ್ಲಿಂದ ಬರುತ್ತೆ?" ಅಂದರು.

ಬರೋದೇ ಇಲ್ಲ. ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಅವರು ಹೇಳಿದ್ದು ಇಷ್ಟು. ನಿಜವಾದ ಅಲ್ಟ್ರಾಸಾನಿಕ್ ಸ್ಕೇಲರ್‌ನ, ಅಂದರೆ ಡಾಕ್ಟರು ಪಾಚಿ ತೆಗೆಯೋ ಮಿಷನ್ನಿನ, ಮೊನೆ ಸೆಕೆಂಡಿಗೆ 25,000 ಸಲಕ್ಕಿಂತ ಜಾಸ್ತಿ ಅದುರುತ್ತೆ. ಆದರೆ ಅದುರೋ ದೂರ ಕೂದಲೆಳೆಯಷ್ಟೇ. ಆ ಅದುರಾಟಕ್ಕೆ ಪಾಚಿ ಬಿರುಕು ಬಿಟ್ಟು ಕಳಚಿಕೊಳ್ಳುತ್ತೆ. ಅದರಲ್ಲಿ ಬಿಸಿ ಹುಟ್ಟುತ್ತೆ, ನೀರು ಅದನ್ನು ತಣಿಸುತ್ತೆ, ಕಳಚಿದ್ದನ್ನು ತೊಳೆದುಕೊಂಡೂ ಹೋಗುತ್ತೆ. ನೀರಿಲ್ಲದೆ ಒಂದೇ ಕಡೆ ಹಿಡಿದರೆ ಬಿಸಿ ಒಳಗಿನ ನರದವರೆಗೂ ಹೋಗಬಹುದು. ಅವರು ಮೊನೆಯಿಂದ ಚುಚ್ಚೋದೂ ಇಲ್ಲ. ಅದರ ಪಕ್ಕದ ಮೈಯನ್ನು ಹಲ್ಲಿಗೆ ಹೆಚ್ಚುಕಡಿಮೆ ಮಲಗಿಸಿದ ಹಾಗೆ ಇಟ್ಟು, ಒತ್ತದೆ, ಸುಮ್ನೆ ಸವರುತ್ತಾ ಹೋಗುತ್ತಾರೆ. ನಾನು ಎಲ್ಲವನ್ನೂ ಉಲ್ಟಾ ಮಾಡಿದ್ದೆ. ಮೊನೆಯಿಂದ, ಒತ್ತಿ, ನಿಲ್ಲಿಸಿ, ಒಣ ಹಲ್ಲಿಗೆ.

ಪಾಚಿ ಕಟ್ಟೋದು ಜಾಸ್ತಿ ವಸಡಿನ ಅಂಚಲ್ಲಿ. ಹಲ್ಲಿನ ಮೇಲಿನ ಗಟ್ಟಿ ಪದರ ಎನಾಮಲ್ ತೆಳ್ಳಗಿರೋದೂ ಅಲ್ಲೇ. ವಸಡು ಕೆಳಗೆ ಸರಿದವರಿಗಂತೂ ಅಲ್ಲಿ ಹಲ್ಲಿನ ಬೇರು ತೆರೆದಿರುತ್ತೆ, ಅದು ಎನಾಮಲ್‌ಗಿಂತ ಮೆತ್ತಗೆ. ನನ್ನ ಎರಡು ಹಲ್ಲಿನ ಬುಡದಲ್ಲಿ ಗೀರು ಬಿದ್ದಿತ್ತು. ಕೈಗನ್ನಡಿ ಕೊಟ್ಟು ತೋರಿಸಿದರು, ಬಾಳೆದಿಂಡಿಗೆ ಉಗುರು ಎಳೆದ ಹಾಗೆ ಕಾಣುತ್ತಿತ್ತು. ಎನಾಮಲ್ ಹೋದರೆ ಮತ್ತೆ ಬೆಳೆಯಲ್ಲ. ಇನ್ನು ಅಂಗೈ ಮೇಲೆ ಇಟ್ಟು ಮೆರೆದಿದ್ದೆನಲ್ಲ, ಆ ಬಿಳಿ ಚೂರು? ಏಳೆಂಟು ವರ್ಷದ ಹಿಂದೆ ದುಡ್ಡು ಕೊಟ್ಟು ತುಂಬಿಸಿಕೊಂಡಿದ್ದ ಫಿಲ್ಲಿಂಗ್.

ಇಷ್ಟೆಲ್ಲ ಮಾಡಿಯೂ ವಸಡಿನ ಒಳಗಿನ ಪಾಚಿ ಅಲ್ಲೇ ಇತ್ತು. ಅದು ಕನ್ನಡಿಗೆ ಕಾಣಲ್ಲ. ಕಳೆ ಕೊಚ್ಚಿ ಬೇರು ಬಿಟ್ಟ ಹಾಗೆ. ವಸಡು ಆರಲಿ ಅಂತ ಹತ್ತು ದಿನ ಬಿಟ್ಟು ಅವರೇ ಕ್ಲೀನ್ ಮಾಡಿದರು. ಅರ್ಧ ಗಂಟೆ ಆಯ್ತು. ಗೀರು ಬಿದ್ದ ಹಲ್ಲಿನ ಹತ್ತಿರ ಮಾತ್ರ ಮಿಷನ್ ಬಿಟ್ಟು ಕೈ ಸಲಕರಣೆಯಲ್ಲೇ ತೆಗೆದರು. ಫಿಲ್ಲಿಂಗ್, ಬುಡಕ್ಕೆ ಮೆತ್ತಿದ್ದು, ಪೇಸ್ಟು, ಬಸ್ ಚಾರ್ಜು ಎಲ್ಲ ಸೇರಿ ಮಿಷನ್ ದುಡ್ಡಿನ ಐದು ಪಟ್ಟು.

ಕುರ್ಚಿಯಲ್ಲಿ ಕೂರಿಸಿದಾಗ ಅವರು ಇನ್ನೊಂದು ಕೆಲಸ ಮಾಡಿದರು. ಬಾಯಿ ತೆರೆಸಿ ಮೂರು ಬೆರಳು ಒಟ್ಟಿಗೆ ಹೋಗುತ್ತಾ ನೋಡಿದರು. ಕೆನ್ನೆಯ ಒಳಗೆ ಬಿಳಿ ಮಚ್ಚೆ ಇದೆಯಾ ಅಂತ ಹುಡುಕಿದರು. ಅಡಿಕೆಯನ್ನು ಕ್ಯಾನ್ಸರ್ ತರುವ ಪಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಸೇರಿಸಿದೆ. ತೋಟದ ದುಡ್ಡಲ್ಲೇ ಊಟ ಮಾಡುವ ನಾನು ಇದನ್ನು ಬರೆದರೆ ಊರಲ್ಲಿ ನಾಲ್ಕು ಜನ ಬೈತಾರೆ, ಬೈಲಿ. ನನ್ನ ಬಾಯಲ್ಲಿ ಅಂಥದ್ದೇನೂ ಸಿಗಲಿಲ್ಲ. ಆದರೆ ಮನೆಯಲ್ಲೇ ತಿಕ್ಕಿ ಬೆಳ್ಳಗೆ ಮಾಡಿಕೊಳ್ಳುತ್ತಾ ಇದ್ದಿದ್ದರೆ ಆ ಜಾಗವನ್ನು ಯಾರೂ ನೋಡುತ್ತಲೇ ಇರಲಿಲ್ಲ.

ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ ಅಂತ ನಮ್ಮಮ್ಮ ಈಗಲೂ ಹೇಳ್ತಾರೆ. ಅದಕ್ಕೂ ಕೇಳಿದೆ. ಸಡಿಲ ಮೊದಲೇ ಆಗಿರುತ್ತೆ, ಪಾಚಿ ಅದನ್ನು ಹಿಡಿದು ನಿಲ್ಲಿಸಿರುತ್ತೆ, ತೆಗೆದಾಗ ಗೊತ್ತಾಗುತ್ತೆ ಅಷ್ಟೇ ಅಂದರು. ನೀವು ಹೋಗೋದಾದರೆ ಪೇಸ್‌ಮೇಕರ್, ಹೃದಯದ ಕವಾಟದ ಆಪರೇಷನ್, ರಕ್ತ ತೆಳುವಾಗೋ ಮಾತ್ರೆ, ಶುಗರ್ ಇವುಗಳಲ್ಲಿ ಏನಿದ್ದರೂ ಕೂರುವ ಮೊದಲೇ ಹೇಳಿ. ಅವರು ಕೇಳೋವರೆಗೂ ಕಾಯಬೇಡಿ.

ದವಡೆ ಹಲ್ಲಿಗೆ ರೂಟ್ ಕೆನಾಲ್ ಬೇಕಾ ಬೇಡವಾ ಇನ್ನೂ ತೀರ್ಮಾನ ಆಗಿಲ್ಲ, ಕಾದು ನೋಡೋಣ ಅಂದಿದ್ದಾರೆ. ಸದ್ಯ ನೀರು ಉಗುರುಬೆಚ್ಚಗೆ ಮಾಡಿಯೇ ಕುಡಿಯೋದು, ಅದೂ ಎಡಗಡೆಯಿಂದ.

ಭಾವ, ಓದ್ತಾ ಇದ್ದರೆ ಕೇಳಿ. ಮಿಷನ್ ಕೊಟ್ಟಿಗೆ ಅಟ್ಟದ ಮೇಲಿದೆ, ಕೊಡಲ್ಲ. ಬರೋ ತಿಂಗಳು ಎರಡನೇ ಶನಿವಾರ ನನ್ನನ್ನು ಮತ್ತೆ ಬರೋಕೆ ಹೇಳಿದ್ದಾರೆ. ಬರೋದಾದರೆ ನಿಮ್ಮ ಹೆಸರೂ ಬರೆಸ್ತೀನಿ.