ಉಳ್ಳಾಗಡ್ಡಿ ಕಂಡರೆ ಆಗದ ವಡೆ ಮೇಕರ್: ನಾಲ್ಕು ವರ್ಷ ಒತ್ತಿದವನ ಮಾತು

ಮೊದಲೇ ಹೇಳಿಬಿಡುತ್ತೇನೆ, ನನಗೆ ಕೈಯಲ್ಲಿ ವಡೆ ತಟ್ಟಲು ಬರುವುದಿಲ್ಲ. ಅವ್ವ ನೀರಲ್ಲಿ ಕೈ ಅದ್ದಿ, ನಿಂಬೆಹಣ್ಣಿನಷ್ಟು ಹಿಟ್ಟು ತಗೊಂಡು, ನಾಲ್ಕು ಬೆರಳ ಮೇಲೆ ಇಟ್ಟು, ಹೆಬ್ಬೆರಳಲ್ಲಿ ನಡುವೆ ಚುಚ್ಚಿ, ಹಾಗೇ ಎಣ್ಣೆಗೆ ಜಾರಿಸುತ್ತಾಳೆ. ನೋಡೋದರೊಳಗೆ ಮುಗಿದಿರುತ್ತದೆ. ನಾನು ಮಾಡಿದರೆ ಹಿಟ್ಟು ಕೈ ಬಿಡುವುದೇ ಇಲ್ಲ. ಬಿಟ್ಟರೂ ಒಮ್ಮೆಲೇ ದಬಕ್ಕನೆ ಬಿದ್ದು ಎಣ್ಣೆ ಮುಂಗೈಗೆ ಸಿಡಿಯುತ್ತದೆ. ಎರಡು ಕಲೆ ಇನ್ನೂ ಇವೆ.

ಹಾಲಿನ ಕವರ್ ಕತ್ತರಿಸಿ ಅದರ ಮೇಲೆ ತಟ್ಟಿ ನೋಡಿದೆ. ಬಾಳೆಎಲೆ ಮೇಲೆ ತಟ್ಟಿ ನೋಡಿದೆ. ಚಹಾ ಸೋಸುವ ಜರಡಿಯನ್ನು ಬೋರಲು ಹಾಕಿ ಅದರ ಬೆನ್ನಿನ ಮೇಲೆ ವಡೆ ಮಾಡುವ ವಿಡಿಯೋ ನೋಡಿ ಅದನ್ನೂ ಮಾಡಿದೆ. ವಡೆ ಆಯಿತು, ಆದರೆ ಆ ಜರಡಿಯಲ್ಲಿ ಸೋಸಿದ ಚಹಾ ವಾರಗಟ್ಟಲೆ ಉದ್ದಿನ ವಾಸನೆ ಹೊಡೆಯಿತು.

ಹೆಂಡತಿಗೆ ಭಾನುವಾರ ಬೆಳಗಿನ ಪಾಳಿ. ನಾನು ಹತ್ತಿ ಮಾರ್ಕೆಟ್‌ನಲ್ಲಿ ಲೆಕ್ಕ ಬರೆಯುವವನು, ನನಗೆ ಸಿಗುವ ಬಿಡುವು ಅಂದ್ರೆ ಅದೊಂದೇ ದಿನ. ಹಾಗಾಗಿ ಭಾನುವಾರದ ನಾಷ್ಟಾ ನನ್ನ ಪಾಲಿಗೆ ಬಂತು. ರಾಯಚೂರಲ್ಲಿ ನಾಷ್ಟಾಕ್ಕೇನು ಬರ ಇಲ್ಲ, ಯಾವ ಓಣಿಗೆ ಹೋದರೂ ಮಂಡಾಳು ವಗ್ಗರಣಿ, ಮಿರ್ಚಿ ಸಿಗುತ್ತದೆ. ಆದರೆ ಮಕ್ಕಳಿಗೆ ವಡೆಯೇ ಬೇಕು, ಅದೂ ಮನೆಯದೇ ಬೇಕು.

ತೀನ್ ಕಂದೀಲ್ ಹತ್ತಿರ ತಳ್ಳುಗಾಡಿಯಲ್ಲಿ 100 ರೂಪಾಯಿಗೆ ಒಂದು ಪ್ಲಾಸ್ಟಿಕ್ ವಡೆ ಮೇಕರ್ ತಂದೆ. ಮೂರನೇ ವಾರಕ್ಕೆ ಎಣ್ಣೆಯ ಕಾವಿಗೆ ಅದರ ಬಾಯಿ ಸೊಟ್ಟ ಆಯಿತು. ಪ್ಲಾಸ್ಟಿಕ್ ತಗೋಬೇಡಿ, ಅದರ ಬಗ್ಗೆ ಇಷ್ಟು ಸಾಕು. ಆಮೇಲೆ 2021ರ ಮಳೆಗಾಲದಲ್ಲಿ ಆನ್‌ಲೈನ್‌ನಲ್ಲಿ 480 ರೂಪಾಯಿ ಕೊಟ್ಟು ಸ್ಟೀಲಿನದು ತರಿಸಿದೆ. ಈ ವಿಮರ್ಶೆ ಅದರದ್ದು. ಎಷ್ಟು ಹಿಟ್ಟು ಹಿಡಿಯುತ್ತದೆ, ಎಷ್ಟು ತೂಕ ಅನ್ನುವುದೆಲ್ಲ ಡಬ್ಬಿಯ ಮೇಲೇ ಇರುತ್ತದೆ, ಬಿಡಿ. ನೋಡಲು ಉದ್ದನೆಯ ಲೋಟದ ಹಾಗೆ. ಮೇಲೆ ಒಂದು ಗುಂಡಿ. ಒತ್ತಿದರೆ ಒಳಗಿನ ಕಡ್ಡಿ ಕೆಳಗಿಳಿದು ಬಾಯಿ ತೆರೆಯುತ್ತದೆ, ಹಿಟ್ಟು ಬಳೆಯಾಗಿ ಹೊರಗೆ ಬರುತ್ತದೆ. ಬಿಟ್ಟರೆ ಸ್ಪ್ರಿಂಗ್ ಕಡ್ಡಿಯನ್ನು ಎಳೆದುಕೊಂಡು ಹಿಟ್ಟನ್ನು ಕತ್ತರಿಸುತ್ತದೆ.

ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇದೇನಪ, ಟ್ರ್ಯಾಕ್ಟರ್‌ಗೆ ಗ್ರೀಸ್ ಹೊಡಿಯೋದು ತಂದೀಯಲ್ಲ?"

ನನ್ನ ಭಾನುವಾರ ಹೀಗೆ. ಐದಕ್ಕೆ ಎದ್ದು ಪಾವ್ ಕೆಜಿ ಉದ್ದಿನಬೇಳೆ ತೊಳೆದು ನೆನೆ ಹಾಕುತ್ತೇನೆ. ಎರಡು ತಾಸು ಸಾಕು. ರಾತ್ರಿಯೇ ನೆನೆ ಹಾಕಿ ಮಲಗಿದರೆ ಬೇಳೆ ಜಾಸ್ತಿ ನೀರು ಕುಡಿದು, ವಡೆ ಎಣ್ಣೆ ಕುಡಿಯುತ್ತದೆ. ಏಳಕ್ಕೆ ನೀರು ಬಸಿದು, ಜರಡಿಯಲ್ಲಿ ಹತ್ತು ನಿಮಿಷ ಬಿಟ್ಟು, ಮೂರು ಸಲ ಮಾಡಿ ಮಿಕ್ಸಿಗೆ ಹಾಕುತ್ತೇನೆ. ನೀರು ಚಮಚದ ಲೆಕ್ಕ, ಅದೂ ಫ್ರಿಜ್ಜಿನ ನೀರು. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ದಾಟಿದಾಗ ನಲ್ಲಿ ನೀರೇ ಸ್ನಾನಕ್ಕೆ ಕಾಯಿಸಿದಂತೆ ಬರುತ್ತದೆ. ಅದನ್ನು ಹಾಕಿ, ಮಿಕ್ಸಿಯ ಕಾವೂ ಸೇರಿದರೆ ಹಿಟ್ಟು ಬಿಸಿಯಾಗಿ ಕೂತುಬಿಡುತ್ತದೆ. ಆಗ ವಡೆ ಗೋಲಿಯಂತೆ ಗಟ್ಟಿ. ಬೇಸಿಗೆಯಲ್ಲಿ ನಾನು ನೀರಿನ ಬದಲು ಎರಡು ಐಸ್ ತುಂಡು ಹಾಕುತ್ತೇನೆ.

ರುಬ್ಬಿದ ಹಿಟ್ಟನ್ನು ಅಗಲ ಪಾತ್ರೆಗೆ ಹಾಕಿ ಕೈಯಿಂದ ಒಂದೇ ದಿಕ್ಕಿಗೆ ಐದು ನಿಮಿಷ ಬಡಿಯಬೇಕು. ನನಗೆ ತುಂಬಾ ಇಷ್ಟದ ಕೆಲಸ ಇದು. ಮೊದಲು ಭಾರ ಇರುತ್ತದೆ, ಕೈ ಎಳೆಯುತ್ತದೆ. ಮೂರನೇ ನಿಮಿಷಕ್ಕೆ ಒಮ್ಮೆಲೇ ಹಗುರಾಗುತ್ತದೆ, ಬಣ್ಣ ಬೆಳ್ಳಗಾಗುತ್ತದೆ, ಪಟ್ ಪಟ್ ಎನ್ನುವ ಸದ್ದು ಮೆತ್ತಗಾಗುತ್ತದೆ. ಉದ್ದಿನ ಲೋಳೆಗೆ ಗಾಳಿಯನ್ನು ಹಿಡಿದಿಡುವ ಗುಣ ಇದೆ. ಅದಕ್ಕೇ ಇದಕ್ಕೆ ಸೋಡಾ ಬೇಡ. ಒಂದು ಬಟ್ಟಲು ನೀರಿಗೆ ಒಂದು ಹನಿ ಹಿಟ್ಟು ಬಿಡಿ. ತೇಲಿದರೆ ಆಯಿತು, ಮುಳುಗಿದರೆ ಇನ್ನೂ ಬಡಿಯಿರಿ. ಉಪ್ಪು ಕೊನೆಗೆ, ಎಣ್ಣೆ ಕಾದ ಮೇಲೆ. ಮೊದಲೇ ಹಾಕಿದರೆ ಹಿಟ್ಟು ನೀರು ಬಿಡುತ್ತದೆ.

ಈಗ ಮೇಕರ್. ಒಳಗೆ ಒಮ್ಮೆ ನೀರು ಆಡಿಸಿ ಚೆಲ್ಲಬೇಕು. ಚಮಚದಿಂದ ಹಿಟ್ಟು ತುಂಬಿದ ಮೇಲೆ ಕಟ್ಟೆಯ ಮೇಲೆ ಬಟ್ಟೆ ಇಟ್ಟು ಮೂರು ಸಲ ಕುಟ್ಟಬೇಕು. ಇದನ್ನು ಡಬ್ಬಿಯ ಮೇಲೆ ಯಾರೂ ಬರೆದಿಲ್ಲ. ಕುಟ್ಟದಿದ್ದರೆ ಒಳಗೆ ಗಾಳಿ ಉಳಿದು, ಒತ್ತಿದಾಗ ಟುಸ್ ಎಂದು ಸದ್ದಾಗಿ ಅರ್ಧ ಬಳೆ ಬೀಳುತ್ತದೆ. ಬಾಯಿ ಎಣ್ಣೆಯಿಂದ ನಾಲ್ಕು ಬೆರಳು ಮೇಲಿರಬೇಕು. ಇನ್ನೂ ಮೇಲೆ ಹಿಡಿದರೆ ಎಣ್ಣೆ ಸಿಡಿಯುತ್ತದೆ. ಕೆಳಗೆ ಹಿಡಿದರೆ ಕಾವಿಗೆ ಬಾಯಲ್ಲಿರುವ ಹಿಟ್ಟೇ ಬೆಂದು ಗಟ್ಟಿಯಾಗುತ್ತದೆ.

ಸರಿಯಾಗಿ ಬಿದ್ದ ಮೊದಲ ವಡೆ ನೋಡಿ ನಾನು ಹುಚ್ಚನ ಹಾಗೆ ನಕ್ಕಿದ್ದೆ. ಬಳೆ ಒಮ್ಮೆ ಮುಳುಗಿತು, ಮೇಲೆ ಬಂತು, ಸುತ್ತಲೂ ನೊರೆ. ನಡುವೆ ದುಂಡನೆಯ ತೂತು. ಆ ತೂತು ಬರೀ ಅಂದಕ್ಕಲ್ಲ, ಅಲ್ಲಿಂದಲೂ ಎಣ್ಣೆ ಹತ್ತಿ ನಡು ಹಸಿ ಉಳಿಯುವುದಿಲ್ಲ. ನನಗಂತೂ ಕಡ್ಡಿ ತೂರಿಸಿ ಮಗುಚಲು ಅದೇ ಹಿಡಿಕೆ. ಒಂದು ಸಲ ತುಂಬಿದರೆ ಐದು ವಡೆ. ಐದೂ ಒಂದೇ ಅಳತೆ. ಮುಂಗೈಗೆ ಅವತ್ತಿನಿಂದ ಇವತ್ತಿನವರೆಗೆ ಒಂದು ಹನಿ ಎಣ್ಣೆ ಬಿದ್ದಿಲ್ಲ. ಶೇಂಗಾ ಚಟ್ನಿ ಜೊತೆ ಮಕ್ಕಳು ಏಳೇಳು ತಿಂದರು.

ಕರೆಂಟ್ ಬೇಡದ ವಸ್ತು ಎಂಬುದೂ ದೊಡ್ಡ ಮಾತೇ. ನಮ್ಮ ಪಕ್ಕದ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಎಂಟು ಘಟಕ ಸೇರಿ 1,720 ಮೆಗಾವ್ಯಾಟ್, ಈ ಕಡೆ ಯರಮರಸ್‌ನಲ್ಲಿ 800ರ ಎರಡು ಘಟಕ. ಆದರೂ ಬೇಳೆ ಅರ್ಧ ರುಬ್ಬಿದಾಗ ಮಿಕ್ಸಿ ನಿಂತ ಭಾನುವಾರಗಳನ್ನು ನಾನು ಎಣಿಸುವುದನ್ನು ಬಿಟ್ಟಿದ್ದೇನೆ.

ಎರಡನೇ ಭಾನುವಾರ ಅವ್ವನ ಹಿಟ್ಟು ಮಾಡಿದೆ. ಅಲ್ಲಿಂದ ಶುರು ನನ್ನ ತಕರಾರು.

ಅವ್ವನ ವಡೆ ಅಂದ್ರೆ ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಶುಂಠಿ, ಕಿರುಬೆರಳ ಉಗುರಿನಷ್ಟು ಕೊಬ್ಬರಿ ಚೂರು, ಜೀರಿಗೆ, ಇಡೀ ಮೆಣಸು, ಕರಿಬೇವು, ಕೊತ್ತಂಬರಿ. ಹಿಟ್ಟು ತುಂಬಿ ಒತ್ತಿದೆ. ಒಂದು ಕರಿಬೇವಿನ ಎಲೆ ಬಾಯಲ್ಲಿ ಸಿಕ್ಕಿಕೊಂಡಿತು. ಬಳೆ ಪೂರ್ತಿ ಆಗಲೇ ಇಲ್ಲ, ಕುದುರೆ ಲಾಳದ ಹಾಗೆ ಬಿತ್ತು. ಮುಂದಿನ ಸಲ ಕೊಬ್ಬರಿ ಚೂರು ಅಡ್ಡ ಬಂದು ಸ್ಪ್ರಿಂಗ್ ಬಾಯಿ ಮುಚ್ಚಲಿಲ್ಲ. ಹಿಂದಿನ ವಡೆಯ ಬಾಲ ಹಿಡಿದು ಇನ್ನೊಂದು ವಡೆ ಇಳಿಯಿತು. ಎಣ್ಣೆಯಲ್ಲಿ ಪೊಲೀಸರ ಕೈಬೇಡಿ ತೇಲುತ್ತಿತ್ತು. ಮಗ ಅದನ್ನು ತಂಗಿಯ ಕೈಗೆ ಹಾಕಲು ಹೋಗಿ ಬೈಸಿಕೊಂಡ.

ಸರಿ, ಉಳ್ಳಾಗಡ್ಡಿಯನ್ನು ಇನ್ನೂ ಸಣ್ಣಗೆ ಹೆಚ್ಚಿದೆ. ಸಣ್ಣಗಾದಷ್ಟೂ ಅದು ನೀರು ಬಿಟ್ಟಿತು. ಹಿಟ್ಟು ಸಡಿಲಾಗಿ ಬಳೆಯ ಬದಲು ಚಪ್ಪಟೆ ಬಿಲ್ಲೆ. ಮಿಕ್ಸಿಗೇ ಹಾಕಿ ರುಬ್ಬಿದೆ. ವಡೆ ಕಪ್ಪಗೆ ಕೆಂಪಾಯಿತು, ಬಾಯಲ್ಲಿ ಕಹಿ. ಮೆಣಸನ್ನು ಕುಟ್ಟಿ ಹಾಕಿದರೆ ನಡೆಯಿತು, ಜೀರಿಗೆಯೂ ನಡೆಯಿತು, ಶುಂಠಿ ತುರಿದರೆ ನಡೆಯಿತು. ಉಳ್ಳಾಗಡ್ಡಿ, ಕೊಬ್ಬರಿ, ಕರಿಬೇವು ಮೂರಕ್ಕೂ ಪ್ರವೇಶ ಇಲ್ಲ. ಕೊನೆಗೆ ಮೂರನ್ನೂ ಬಿಟ್ಟೆ. ಯಂತ್ರ ಹೇಳಿದ ಹಾಗೆ ನಾನು ಅಡುಗೆ ಮಾಡತೊಡಗಿದೆ.

ಒಂದು ವರ್ಷ ಹಾಗೇ ನಡೆಯಿತು. ಪ್ರತಿ ವಾರ ಇಪ್ಪತ್ತು ವಡೆ, ಇಪ್ಪತ್ತೂ ನುಣ್ಣಗೆ. ಮಕ್ಕಳಿಗೆ ಖುಷಿ, ಯಾಕಂದ್ರೆ ಅವಕ್ಕೆ ತಟ್ಟೆಯಿಂದ ಉಳ್ಳಾಗಡ್ಡಿ ಆರಿಸಿ ತೆಗೆಯುವ ಕೆಲಸ ತಪ್ಪಿತು. ಅವ್ವ ಮಾತ್ರ ಒಂದು ತಿಂದು ತಟ್ಟೆ ಸರಿಸುತ್ತಿದ್ದಳು. ಕೇಳಿದರೆ, "ಚಂದ ಐತಪ. ಬಾಯಾಗ ಏನೂ ಸಿಗಂಗಿಲ್ಲ."

ಆ ಮಾತು ಕೇಳಿದ ಮೇಲೆ ನನಗೂ ಏನೂ ಸಿಗದಂತಾಯಿತು. ಮೇಕರ್ ಮೇಲೆ ಸಿಟ್ಟು ಶುರುವಾಯಿತು. ಸಿಟ್ಟು ಬಂದ ಮೇಲೆ ಬೇರೆ ತಪ್ಪುಗಳೂ ಕಣ್ಣಿಗೆ ಬಿದ್ದವು. ತೊಳೆಯುವುದಂತೂ ಶಿಕ್ಷೆ. ಸ್ಪ್ರಿಂಗ್ ಹಿಟ್ಟಿನ ನಡುವೆಯೇ ಇರುತ್ತದೆ. ಉದ್ದಿನ ಹಿಟ್ಟು ಒಣಗಿದರೆ ಗೊತ್ತಲ್ಲ, ಗೋಡೆಗೆ ಪೋಸ್ಟರ್ ಅಂಟಿಸಬಹುದು. ಹಳೆಯ ಹಲ್ಲುಜ್ಜುವ ಬ್ರಷ್ ಒಂದನ್ನು ಇದಕ್ಕಾಗಿಯೇ ಇಟ್ಟಿದ್ದೇನೆ. ತಿನ್ನುವ ಮೊದಲು ನೀರಲ್ಲಿ ಮುಳುಗಿಸಿ ಇಟ್ಟರೆ ಐದು ನಿಮಿಷ, ತಿಂದು ಚಹಾ ಕುಡಿದು ಬಂದರೆ ಅರ್ಧ ತಾಸು.

ಮೂರನೇ ವರ್ಷ ಒಂದು ವಡೆಯ ಮೇಲೆ ಕಂದು ಗೆರೆ ಕಂಡಿತು. ಬಿಚ್ಚಿ ನೋಡಿದರೆ ಸ್ಪ್ರಿಂಗ್ ತುಕ್ಕು ಹಿಡಿದಿದೆ. ಮೈಯೆಲ್ಲ ಸ್ಟೀಲ್ ಎಂದು ಹೇಳಿ ಸ್ಪ್ರಿಂಗ್ ಮಾತ್ರ ಕಬ್ಬಿಣದ್ದು ಹಾಕಿದ್ದರು. ಮಾರಿದವರಿಗೆ ಫೋಟೋ ಕಳಿಸಿದೆ. ಬಿಡಿ ಭಾಗ ಸಿಗುವುದಿಲ್ಲ, ಹೊಸದು ಕೊಳ್ಳಿ ಎಂದರು. 15 ರೂಪಾಯಿ ಸ್ಪ್ರಿಂಗ್‌ಗೆ 480 ಯಾರು ಕೊಡುತ್ತಾರೆ? ಹಳೆಯದನ್ನು ಜೇಬಲ್ಲಿ ಇಟ್ಟುಕೊಂಡು ಹಾರ್ಡ್‌ವೇರ್ ಅಂಗಡಿಗಳನ್ನು ಸುತ್ತಿ, ಅದೇ ಅಳತೆಯ ಸ್ಟೀಲ್ ಸ್ಪ್ರಿಂಗ್ ಹುಡುಕಿದೆ. ಸ್ವಲ್ಪ ಬಿರುಸು. ಈಗ ಗುಂಡಿಯನ್ನು ಹೆಬ್ಬೆರಳಿನ ಬದಲು ಅಂಗೈಯಿಂದ ಒತ್ತಬೇಕು. ಆದರೆ ಹಿಟ್ಟು ಮೊದಲಿಗಿಂತ ಚೆನ್ನಾಗಿ ಕತ್ತರಿಸುತ್ತದೆ. ಕಂಪನಿಯವರಿಗಿಂತ ಅಂಗಡಿಯವನ ಸ್ಪ್ರಿಂಗೇ ವಾಸಿ.

ಈ ಮೇಕರ್‌ನ ಇನ್ನೊಂದು ಐಬು ಹೇಳಲಿಲ್ಲ. ಕೊನೆಯ ವಡೆ ಹೊರಗೆ ಬರುವುದಿಲ್ಲ. ಎಷ್ಟು ಒತ್ತಿದರೂ ತಳದಲ್ಲಿ ಒಂದು ವಡೆಯಷ್ಟು ಹಿಟ್ಟು ಉಳಿದೇ ಉಳಿಯುತ್ತದೆ. ನಾಲ್ಕು ಸಲ ತುಂಬಿದರೆ ನಾಲ್ಕು ಸಲದ ಉಳಿಕೆ. ನಾನು ಅದನ್ನು ಬೆರಳಿಂದ ಕೆರೆದು ಒಂದು ಬಟ್ಟಲಿಗೆ ಹಾಕಿಡುತ್ತಿದ್ದೆ. ಒಂದು ಭಾನುವಾರ ಚಟ್ನಿಯ ವಗ್ಗರಣೆಗೆ ಹೆಚ್ಚಿದ ಉಳ್ಳಾಗಡ್ಡಿ ಮಿಕ್ಕಿತ್ತು. ಸುಮ್ನೆ ಅದನ್ನು ಬಟ್ಟಲಿಗೆ ಸುರಿದೆ. ಒಂದು ಹಿಡಿ ಕೊಬ್ಬರಿ ಚೂರು, ಹರಿದ ಕರಿಬೇವು, ಎರಡು ಹಸಿಮೆಣಸಿನಕಾಯಿ. ಕಲಸಿ, ಬೆರಳ ತುದಿಯಿಂದ ಅಡಕೆ ಗಾತ್ರದ ಉಂಡೆ ಉಂಡೆಯಾಗಿ ಎಣ್ಣೆಗೆ ಬಿಟ್ಟೆ. ಇದಕ್ಕೆ ತೂತು ಬೇಡ, ಆಕಾರ ಬೇಡ, ನನ್ನಂಥವನಿಗೂ ಬರುತ್ತದೆ. ನಮ್ಮ ಓಣಿಯ ತೆಲುಗಿನವರು ಇಂಥದ್ದಕ್ಕೆ ಪುನುಗು ಅನ್ನುತ್ತಾರೆ, ನಾವೂ ಹಾಗೇ ಅನ್ನುತ್ತೇವೆ.

ಉಂಡೆ ಸಣ್ಣದಾದ್ದರಿಂದ ಬೇಗ ಬೆಂದವು. ಹೊರಗೆ ಉಳ್ಳಾಗಡ್ಡಿಯ ಅಂಚು ಚಾಚಿಕೊಂಡು ಕರಕಲಾಗಿತ್ತು, ಮುರಿದರೆ ಒಳಗೆ ಹತ್ತಿಯ ಹಾಗೆ ಬಿಳಿ. ತಟ್ಟೆಯನ್ನು ಅವ್ವನ ಮುಂದೆ ಇಟ್ಟು ಚಟ್ನಿ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಎರಡು ಉಳಿದಿದ್ದವು. ಪಾಳಿ ಮುಗಿಸಿ ಬಂದ ಹೆಂಡತಿಗೆ ಬರೀ ಕಥೆ ಸಿಕ್ಕಿತು. "ನನಗೊಂದೂ ಇಡಲಿಲ್ಲೇನ್ರಿ?" ಎಂದು ಆಕೆ ಕೇಳಿದ್ದು ಇವತ್ತಿಗೂ ಮನೆಯಲ್ಲಿ ಚಾಲ್ತಿಯಲ್ಲಿದೆ.

ಈಗ ಹಿಟ್ಟನ್ನು ಮೊದಲೇ ಪಾಲು ಮಾಡುತ್ತೇನೆ. ಮುಕ್ಕಾಲು ಭಾಗ ಮೇಕರ್‌ಗೆ, ಕಾಲು ಭಾಗ ಬಟ್ಟಲಿಗೆ, ತಳದ ಉಳಿಕೆಯೂ ಬಟ್ಟಲಿಗೆ. ಆ ಉಳಿಕೆಯ ಬಗ್ಗೆ ಆನ್‌ಲೈನ್‌ನಲ್ಲಿ ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದೆ. ಅದನ್ನು ವಾಪಸ್ ತಗೊಂಡಿದ್ದೇನೆ. ಸ್ಪ್ರಿಂಗ್‌ಗೆ ಕಳೆದ ಸ್ಟಾರ್ ಹಾಗೇ ಇದೆ.

ಮೇಕರ್‌ಗೆ ಸರಿಯಾದ ಕಾಲ ಒಂದಿದೆ, ಶ್ರಾವಣ. ಸೋಮವಾರ ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ ಮುಟ್ಟುವುದಿಲ್ಲ. ಕುಟ್ಟಿದ ಮೆಣಸು, ಜೀರಿಗೆ, ಇಂಗು ಇಷ್ಟೇ. ಆ ದಿನ ಅದು ಒಂದು ಸಲವೂ ಕಟ್ಟಿಕೊಳ್ಳುವುದಿಲ್ಲ, ವಡೆ ಸಾಲಾಗಿ ಇಳಿಯುತ್ತವೆ. ಮೊಸರುವಡೆಗೂ ಇದೇ ಬೇಕು. ನುಣ್ಣಗಿದ್ದಷ್ಟೂ ಮೊಸರು ಚೆನ್ನಾಗಿ ಹೀರುತ್ತವೆ. ಕಳೆದ ಶ್ರಾವಣದಲ್ಲಿ ಅವ್ವನೇ ಕೇಳಿ ತಗೊಂಡಳು, "ಕೊಡಿಲ್ಲಿ ನಿನ್ನ ಗ್ರೀಸ್ ಡಬ್ಬಿ." ಎರಡು ಒತ್ತಿ, ಮೂರನೆಯದಕ್ಕೆ ಕೈ ನೋಯುತ್ತದೆ ಎಂದು ನನಗೇ ಕೊಟ್ಟಳು. ಬಿರುಸು ಸ್ಪ್ರಿಂಗ್ ಹಾಕಿದ್ದು ನಾನೇ ಅಲ್ವಾ.

ನಿಮಗೆ ಕೈಯಲ್ಲಿ ವಡೆ ತಟ್ಟಲು ಬಂದರೆ ಇದನ್ನು ಕೊಳ್ಳಬೇಡಿ, 480 ರೂಪಾಯಿಗೆ ಒಳ್ಳೆಯ ಬೇಳೆ ತನ್ನಿ. ಉಳ್ಳಾಗಡ್ಡಿ ಇಲ್ಲದ ವಡೆ ಗಂಟಲಲ್ಲಿ ಇಳಿಯದವರೂ ಕೊಳ್ಳಬೇಡಿ. ನನ್ನ ಹಾಗೆ ಬಿಸಿ ಎಣ್ಣೆಗೆ ಹೆದರುವವರಾದರೆ ಕೊಳ್ಳಿ. ಬರುವಾಗಲೇ ಸ್ಪ್ರಿಂಗ್‌ಗೆ ಆಯಸ್ಕಾಂತ ಹಿಡಿದು ನೋಡಿ. ಗಟ್ಟಿಯಾಗಿ ಕಚ್ಚಿಕೊಂಡರೆ ಬದಲಿಯನ್ನು ಅವತ್ತೇ ಹುಡುಕಿಟ್ಟುಕೊಳ್ಳಿ.

ನಾನು ಹೆಚ್ಚಿಗೆ ಎರಡು ಸ್ಪ್ರಿಂಗ್ ತಂದು, ಕಳೆದುಹೋಗಬಾರದೆಂದು ಮಸಾಲೆ ಡಬ್ಬಿಯಲ್ಲಿ ಇಟ್ಟಿದ್ದೆ. ಮೊನ್ನೆ ಅವ್ವ ಸಾಸಿವೆ ಹುಡುಕುವಾಗ ಒಂದು ಕೈಗೆ ಸಿಕ್ಕಿದೆ. ಮಕ್ಕಳ ಪೆನ್ನಿನದು ಇರಬೇಕೆಂದು ಕಸಕ್ಕೆ ಹಾಕಿದ್ದಾಳೆ. ಈಗ ಒಂದೇ ಉಳಿದಿದೆ.