ತೆನೆ ಬಿಡುವ ಹುಲ್ಲು: ಕರಕಿಯೋ, ಕೊರಿಯನ್ನೋ?

ಕಲಬುರಗಿಯ ನಮ್ಮ ಮನೆ ಅಂಗಳದಲ್ಲಿ ಎರಡು ಥರದ ಹುಲ್ಲಿದೆ. ಬಿಸಿಲು ಬೀಳುವ ಕಡೆ ಕರಕಿ (ಗರಿಕೆ), ಬೇವಿನ ಮರದ ಕೆಳಗೆ ನರ್ಸರಿಯಿಂದ ತಂದ ಕೊರಿಯನ್ ಹುಲ್ಲು. ಮಣ್ಣು ಅದೇ ಎರೆಮಣ್ಣು, ನೀರು ಅದೇ ಬೋರಿನದು. ಮೂರು ವರ್ಷದಿಂದ ನೋಡ್ತಿದ್ದೇನೆ, ಎರಡೂ ತೆನೆ ಬಿಡುತ್ತವೆ. ಆದರೆ ರೀತಿ ಬೇರೆ.

ಕೊರಿಯನ್‌ಗೆ ಚಳಿ ಕಳೆದ ಮೇಲೆ ಒಮ್ಮೆ ತೆನೆ ಬರುತ್ತದೆ. ಒಂದು ಕಡ್ಡಿಗೆ ಒಂದೇ ತೆನೆ, ಗಿಡ್ಡ, ಕಂದು ಬಣ್ಣ. ಎರಡು ಮೂರು ವಾರ ಕತ್ತರಿಸಿದರೆ ಮುಗೀತು. ಇದಕ್ಕೆ ಯೂರಿಯಾ ಹಾಕಿ ನೋಡಿದೆ. ತೆನೆ ಕಡಿಮೆಯಾಗಲಿಲ್ಲ, ಹುಲ್ಲು ಮಾತ್ರ ಮೆತ್ತೆಯಂತೆ ಉಬ್ಬಿತು.

ಕರಕಿ ಹಾಗಲ್ಲ. ಬೇಸಿಗೆಯ ಹುಲ್ಲು ಅದು, ಬಿಸಿಲು ಏರಿದಂತೆ ತೆನೆ ಬಿಡುವುದು ಅದರ ಗುಣ. ಏಪ್ರಿಲ್‌ನಲ್ಲಿ ನಾಲ್ಕು ದಿನ ನೀರು ತಪ್ಪಿದರೆ, ಗೊಬ್ಬರ ಸಾಲದೆ ಹೋದರೆ, ಇನ್ನೂ ಜಾಸ್ತಿ. ಬಗ್ಗಿ ನೋಡಿದರೆ ಕಡ್ಡಿಯ ತುದಿಯಲ್ಲಿ ನಾಲ್ಕೈದು ಎಳೆಗಳು ಹಕ್ಕಿಯ ಕಾಲಿನಂತೆ ಹರಡಿರುತ್ತವೆ, ಸ್ವಲ್ಪ ನೇರಳೆ ಬಣ್ಣ.

ಕಳೆದ ಬೇಸಿಗೆ ಕರಕಿಯ ನಡುವೆ ಹಗ್ಗ ಕಟ್ಟಿ ಎರಡು ಭಾಗ ಮಾಡಿದೆ. ಒಂದು ಕಡೆ ವಾರಕ್ಕೆ ಎರಡು ಸಲ ಮಶಿನ್ ಓಡಿಸಿ ಬುಡಕ್ಕೆ ಕತ್ತರಿಸಿದೆ. ಇನ್ನೊಂದು ಕಡೆ ವಾರಕ್ಕೆ ಒಂದೇ ಸಲ, ಸ್ವಲ್ಪ ಎತ್ತರಕ್ಕೆ. ಅಲ್ಲಿ 100 ಚದರ ಅಡಿಗೆ 100 ಗ್ರಾಂ ಯೂರಿಯಾ ಚೆಲ್ಲಿ, ಕೂಡಲೇ ನೀರು ಬಿಟ್ಟೆ. ಆಮೇಲೆ ದಿನಾ ಚಿಮುಕಿಸದೆ, ಮೂರು ದಿನಕ್ಕೊಮ್ಮೆ ಬೇರಿನ ತನಕ ಇಳಿಯುವಷ್ಟು ನೀರು.

ಬುಡಕ್ಕೆ ಕತ್ತರಿಸಿದ ಕಡೆ ತೆನೆ ನಿಲ್ಲಲೇ ಇಲ್ಲ. ಬ್ಲೇಡಿನ ಎತ್ತರಕ್ಕಿಂತ ಕೆಳಗೇ ಹೊರಟವು! ಎಲೆ ಹೋಗಿ ಬರೀ ಕಡ್ಡಿ ಉಳಿಯಿತು. ಬ್ಲೇಡು ಮೊಂಡಾಗಿದ್ದರಿಂದ ತುದಿ ಸೀಳಿ ಬೆಳ್ಳಗಾಯಿತು. ಗೊಬ್ಬರ, ನೀರು ಕಂಡ ಕಡೆ ತಿಂಗಳಲ್ಲಿ ಎಲೆ ದಟ್ಟವಾಯಿತು. ತೆನೆ ಅಲ್ಲೊಂದು ಇಲ್ಲೊಂದು.

ಬೀಜ ಉದುರಿದರೆ ಖಾಲಿ ಜಾಗ ತುಂಬುತ್ತದೆ ಅಂತಾರಲ್ವಾ? ಒಂದು ಮೂಲೆ ಹಾಗೇ ಬಿಟ್ಟೆ. ಬೀಜದಿಂದ ಏನೂ ಆಗಲಿಲ್ಲ, ಅಂಚಿನಿಂದ ಹಬ್ಬಿದ ಬಳ್ಳಿಯೇ ಜಾಗ ತುಂಬಿತು.

ನೆರಳಿದ್ದರೆ ಕೊರಿಯನ್ ಹಾಕಿ, ಕರಕಿ ಅಲ್ಲಿ ಸೊರಗುತ್ತದೆ. ಬಯಲಿಗೆ ನನ್ನ ಓಟು ಕರಕಿಗೇ. ಗಣಪತಿ ಹಬ್ಬಕ್ಕೆ ಅವ್ವ ಮೂರೆಲೆಯ ಎಳೆ ಚಿಗುರನ್ನೇ ಹುಡುಕಿ ಕೀಳುತ್ತಾಳೆ. ಈ ಸಲ ಹಗ್ಗದ ಆಚೆ, ಗೊಬ್ಬರ ಕಂಡ ಕಡೆಯಿಂದಲೇ ಬುಟ್ಟಿ ತುಂಬಿಸಿಕೊಂಡು ಬಂದಳು.