ಏಳು ವರ್ಷ ಶಿಟ್ಜು ಸಾಕಿದ ಅನುಭವ

ಗುಂಡು ನಮ್ಮ ಶಿಟ್ಜು, ಉದ್ದ ಕೂದಲಿನ ಪುಟ್ಟ ತಳಿಯ ನಾಯಿ. ಮೈಸೂರಿನ ನಮ್ಮ ಮನೆಗೆ ಬಂದಾಗ ಎರಡು ತಿಂಗಳ ಮರಿ. ಈಗ ಏಳು ವರ್ಷ, ಆರೂವರೆ ಕಿಲೋ. ‘ಕೂದಲು ಉದುರಲ್ಲ, ಜಾಸ್ತಿ ಬೊಗಳಲ್ಲ’ ಅಂತ ಮರಿ ಕೊಟ್ಟವರು ಹೇಳಿದ್ದರು. ಎರಡೂ ಹೆಚ್ಚುಕಡಿಮೆ ನಿಜ. ಆದರೆ ನೆಲಕ್ಕೆ ಬೀಳದ ಕೂದಲು ಮೈಯಲ್ಲೇ ಉಳಿದು ಗಂಟು ಕಟ್ಟುತ್ತದೆ ಎಂಬುದನ್ನು ಯಾರೂ ಹೇಳಲಿಲ್ಲ.

ಹತ್ತು ತಿಂಗಳಾದಾಗ ಮರಿಗೂದಲು ಬದಲಾಗಲು ಶುರುವಾಯಿತು. ನಾನು ಕೂದಲಿನ ಮೇಲ್ಪದರಕ್ಕೆ ಮಾತ್ರ ಬ್ರಷ್ ಮಾಡುತ್ತಿದ್ದೆ. ನೋಡಲು ಮಿರಿಮಿರಿ, ಆದರೆ ಕಿವಿಯ ಹಿಂದೆ, ಕಂಕುಳಲ್ಲಿ ಕಂಬಳಿಯಂತೆ ಗಂಟು. ಕೊನೆಗೆ ಪೂರ್ತಿ ಕತ್ತರಿಸಬೇಕಾಯಿತು, ಅಡಿಯ ಚರ್ಮ ಕೆಂಪಾಗಿತ್ತು. ಅದನ್ನು ನೋಡಿ ಕಣ್ಣಲ್ಲಿ ನೀರು ಬಂತು. ಅಂದಿನಿಂದ ದಿನಾ ರಾತ್ರಿ ಹದಿನೈದು ನಿಮಿಷ ಸ್ಟೀಲ್ ಬಾಚಣಿಗೆ. ಕೂದಲನ್ನು ಪದರ ಪದರವಾಗಿ ಎತ್ತಿ ಬುಡದಿಂದ ಬಾಚಬೇಕು. ಗಂಟು ಬಿಡಿಸದೆ ಸ್ನಾನ ಮಾಡಿಸಬೇಡಿ, ಒದ್ದೆಯಾದರೆ ಅದು ಇನ್ನೂ ಬಿಗಿಯುತ್ತದೆ. ಉದ್ದ ಕೂದಲಿನ ಆಸೆ ಬಿಟ್ಟೆ. ಆರು ವಾರಕ್ಕೊಮ್ಮೆ ಒಂದಂಗುಲ ಉಳಿಸಿ ಕತ್ತರಿಸುತ್ತೇವೆ.

ಕಣ್ಣಿನ ವಿಷಯದಲ್ಲಿ ನನ್ನಿಂದ ತಪ್ಪಾಯಿತು. ಮೂರನೇ ವರ್ಷ ಒಂದು ಬೆಳಗ್ಗೆ ಒಂದು ಕಣ್ಣು ಅರ್ಧ ಮುಚ್ಚಿಕೊಂಡೇ ಇದ್ದ. ಧೂಳಿರಬೇಕು ಅಂತ ಸಂಜೆವರೆಗೆ ಸುಮ್ಮನಿದ್ದೆ. ವೈದ್ಯರು ಬಣ್ಣದ ಹನಿ ಹಾಕಿ ನೋಡಿದಾಗ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ಮೇಲೆ ಗೀರು. ಉಬ್ಬಿದ ಕಣ್ಣಿನ ಈ ತಳಿಗೆ ಮೂಗಿನ ಮೇಲಿನ ಕೂದಲು ಚುಚ್ಚಿದರೂ ಸಾಕು. ಕಣ್ಣು ಕಿರಿದು ಮಾಡಿದರೆ ಅಂದೇ ತೋರಿಸಿ.

ಮೂಗು ಮೋಟಾದ್ದರಿಂದ ಬಿಸಿಲು ತಡೆಯುವುದಿಲ್ಲ. ಏಪ್ರಿಲ್‌ನಲ್ಲಿ ಬೆಳಗ್ಗೆ ಆರಕ್ಕೆ ಮತ್ತು ಕತ್ತಲಾದ ಮೇಲೆ ಮಾತ್ರ ವಾಕಿಂಗ್, ಅದೂ ಕೊರಳಪಟ್ಟಿಯಲ್ಲ, ಎದೆಗೆ ಹಾಕುವ ಹಾರ್ನೆಸ್. ಮಳೆಗಾಲದಲ್ಲಿ ಕಾಲು, ಕಿವಿ ಒರೆಸಿ ಒಣಗಿಸುವುದೇ ಕೆಲಸ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಹಾಗಾಗಿ ನಮ್ಮ ಸಾರನ್ನ ಅವನಿಗಿಲ್ಲ. ಅಮ್ಮನಿಗೆ ಇದನ್ನು ಒಪ್ಪಿಸಲು ಒಂದು ವರ್ಷ ಬೇಕಾಯಿತು.

ಟಿಬೆಟ್ ಮೂಲದ, ಚೀನಾದ ಅರಮನೆಯಲ್ಲಿ ಬೆಳೆದ ತಳಿಯಿದು. ಹೆಸರಿಗೆ ಸಿಂಹ ಎಂದರ್ಥ. ಕಾವಲಿಗೆ ಪ್ರಯೋಜನವಿಲ್ಲ, ಗ್ಯಾಸ್ ತರುವವರಿಗೂ ಬಾಲ ಅಲ್ಲಾಡಿಸುತ್ತಾನೆ. ಬೇಕಾದ್ದು ಜನ. ಅಮ್ಮ ಹೂ ಕಟ್ಟುವಾಗ ಅವಳ ಪಾದದ ಮೇಲೇ ಮಲಗುತ್ತಾನೆ. ದಿನವಿಡೀ ಬೀಗ ಹಾಕಿರುವ ಮನೆಗೆ ಇವನಂಥವನನ್ನು ದಯವಿಟ್ಟು ತರಬೇಡಿ.

ಮರಿ ನೋಡಲು ಹೋದರೆ ಮುದ್ದು ಮುಖಕ್ಕಿಂತ ಮೊದಲು ಮೂಗಿನ ಹೊಳ್ಳೆ ನೋಡಿ, ತೆರೆದಿರಬೇಕು. ತಾಯಿ ನಾಯಿಯನ್ನೂ ತೋರಿಸಲು ಕೇಳಿ, ನಾಲ್ಕು ಹೆಜ್ಜೆ ಓಡಿದ ಮೇಲೆ ಅದು ಹೇಗೆ ಉಸಿರಾಡುತ್ತದೆ ಅಂತ ಕಿವಿಗೊಟ್ಟು ಕೇಳಿ.